ಕೆಳದವಡೆಗೆ ಕೈ ಹಾಕಿಸುವ ಮೊದಲು: ಯಾರಿಗೆ ಯಾವ ದಾರಿ ಸರಿ?

ಬುದ್ಧಿಹಲ್ಲು ಕೀಳಿಸಬೇಕಾ, ಹಾಗೇ ಬಿಡಬಹುದಾ? ಇಂಪ್ಲಾಂಟ್ (ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟುವ ಹಲ್ಲು) ಹಾಕಿಸುವುದಾ, ಹಲ್ಲು ಸೆಟ್ ಸಾಕಾ? ಸಾದಾ ಎಕ್ಸ್‌ರೇ ಸಾಕಾ, ಸ್ಕ್ಯಾನೇ ಬೇಕಾ? ಕಾಸರಗೋಡಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೂತ ನನಗೆ ಹೆಚ್ಚಾಗಿ ಎದುರಾಗುವ ಪ್ರಶ್ನೆಗಳು ಇವೇ. ಇದರ ಜೊತೆಗೆ ಇನ್ನೊಂದು ಮಾತು ಬಂದೇ ಬರುತ್ತದೆ: "ನಮ್ಮ ಆಚೆಮನೆಯವರಿಗೆ ಹತ್ತು ನಿಮಿಷದಲ್ಲಿ ತೆಗೆದರಂತೆ, ಏನೂ ಆಗಲಿಲ್ಲವಂತೆ." ಅವರಿಗೆ ಆಗಿಲ್ಲದಿರಬಹುದು. ಆದರೆ ಅವರ ದವಡೆ ನೋಡಿ ನಿಮ್ಮ ಚಿಕಿತ್ಸೆ ತೀರ್ಮಾನ ಮಾಡಲು ಬರುವುದಿಲ್ಲ. ದರ ನೋಡಿಯೂ ಅಲ್ಲ. ನಿಮ್ಮ ಮೂಳೆಯೊಳಗೆ ನರ ಎಲ್ಲಿ ಹೋಗಿದೆ ಎಂಬುದೇ ಇಲ್ಲಿ ಮುಖ್ಯ.

ಕೆಳದವಡೆಯ ಮೂಳೆಯೊಳಗೆ ಒಂದು ಕೊಳವೆ ಇದೆ. ಕಿವಿಯ ಕಡೆಗೆ ಏರಿ ಹೋಗುವ ಭಾಗದ ಒಳಮೈಯಲ್ಲಿ ಒಂದು ತೂತು. ನರವೂ ರಕ್ತನಾಳವೂ ಅಲ್ಲಿ ಒಳಗೆ ಹೋಗುತ್ತವೆ. ದವಡೆ ಹಲ್ಲುಗಳ ಬೇರಿನ ಕೆಳಗೆ ಸಾಗುತ್ತವೆ. ಮುಂದೆ, ಕೋರೆಹಲ್ಲಿನ ಹಿಂದಿನ ಎರಡು ಸಣ್ಣ ದವಡೆ ಹಲ್ಲುಗಳ ಕೆಳಗೆ, ಹೊರಮೈಯ ಇನ್ನೊಂದು ತೂತಿನಿಂದ ಹೊರಗೆ ಬರುತ್ತವೆ. ಕೆಳತುಟಿ ಮತ್ತು ಗದ್ದದ ಚರ್ಮಕ್ಕೆ ಸ್ಪರ್ಶ ಕೊಡುವುದು ಈ ನರವೇ. ಇದಕ್ಕೆ ಪೆಟ್ಟಾದರೆ ಮುಖ ಸೊಟ್ಟಗಾಗುವುದಿಲ್ಲ, ಮಾತು ನಿಲ್ಲುವುದಿಲ್ಲ. ಆದರೆ ತುಟಿಯ ಒಂದು ಪಕ್ಕ ಜೋಮು ಹಿಡಿದಂತೆ ಇರುತ್ತದೆ. ಗಂಜಿ ಕುಡಿಯುವಾಗ ಬಿಸಿ ಗೊತ್ತಾಗುವುದಿಲ್ಲ, ಗದ್ದದ ಮೇಲೆ ಅನ್ನ ಅಂಟಿದ್ದು ಗೊತ್ತಾಗುವುದಿಲ್ಲ. ಕೆಲವರಿಗೆ ಉರಿ, ಚುಚ್ಚು ನೋವು. ಇದನ್ನು ಸಣ್ಣ ತೊಂದರೆ ಎಂದು ಯಾರೂ ಹೇಳಬಾರದು.

ಬಾಯಾರು, ಪೆರ್ಲ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ತೋಡಿದ ಸುರಂಗ ನೋಡಿದವರಿಗೆ ಈ ಕೊಳವೆಯ ಸ್ವಭಾವ ಬೇಗ ಅರ್ಥವಾಗುತ್ತದೆ. ಹೊರಗೆ ಕಾಣುವ ಬಾಯಿ ಒಂದೇ. ಒಳಗೆ ಕೆಲವು ನೇರ ಹೋಗುತ್ತವೆ, ಕೆಲವು ತಿರುಗುತ್ತವೆ, ಕೆಲವು ಕವಲೊಡೆಯುತ್ತವೆ. ದವಡೆಯಲ್ಲೂ ಕೊಳವೆ ಕೆಲವರಿಗೆ ಎರಡಾಗಿ ಒಡೆದಿರುತ್ತದೆ. ಒಂದು ಕವಲು ಬುದ್ಧಿಹಲ್ಲಿನ ಹಿಂದಿನ ಮೂಳೆಗೆ ಏರಿರಬಹುದು. ಗದ್ದದ ಪಕ್ಕದ ತೂತು ಒಂದರ ಬದಲು ಎರಡಿರಬಹುದು. ಒಬ್ಬರದೇ ಬಾಯಿಯ ಎಡಬಲ ಕೂಡ ಒಂದೇ ಥರ ಇರಬೇಕೆಂದಿಲ್ಲ. ಇವು ರೋಗಗಳಲ್ಲ, ಹುಟ್ಟಿನಿಂದಲೇ ಇರುವ ವ್ಯತ್ಯಾಸಗಳು. ಚಾಕು, ಡ್ರಿಲ್ ಹತ್ತಿರ ಬಂದಾಗ ಮಾತ್ರ ಇವುಗಳಿಗೆ ಬೆಲೆ ಬರುತ್ತದೆ.

ಸಾದಾ ಎಕ್ಸ್‌ರೇ, ಓಪಿಜಿ, ಸಿಬಿಸಿಟಿ

ಬಾಯಿಯೊಳಗೆ ಇಟ್ಟು ತೆಗೆಯುವ ಸಣ್ಣ ಫಿಲ್ಮ್ ಒಂದೆರಡು ಹಲ್ಲುಗಳಿಗೆ ಸಾಕು. ಹುಳುಕು, ಬೇರಿನ ತುದಿಯ ಕೀವು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಹೂತುಕೊಂಡ ಬುದ್ಧಿಹಲ್ಲಿಗೆ ಅದು ಸಾಲದು. ಅದಕ್ಕೆ ಓಪಿಜಿ ಬೇಕು. ಮಿಷನ್ನು ತಲೆಯ ಸುತ್ತ ತಿರುಗಿ ಎರಡೂ ದವಡೆಯ ಪೂರ್ತಿ ಚಿತ್ರ ಕೊಡುತ್ತದೆ. ಖರ್ಚೂ ಕಡಿಮೆ, ವಿಕಿರಣವೂ ಕಡಿಮೆ. ಪ್ರಕೃತಿಯಿಂದಲೇ ನಮ್ಮ ಮೈಗೆ ಕೆಲವೇ ದಿನಗಳಲ್ಲಿ ತಗಲುವಷ್ಟು ಮಾತ್ರ.

ಓಪಿಜಿಯ ಕೊರತೆ ಏನೆಂದರೆ ಅದು ಚಪ್ಪಟೆ ಚಿತ್ರ. ಮೂಳೆಯ ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ನರ ಬೇರಿನ ಕೆನ್ನೆಯ ಕಡೆಗಿದೆಯೋ, ನಾಲಿಗೆಯ ಕಡೆಗಿದೆಯೋ, ಎರಡು ಬೇರಿನ ನಡುವೆ ಸಿಕ್ಕಿಕೊಂಡಿದೆಯೋ ಹೇಳಲು ಬರುವುದಿಲ್ಲ. ಅಳತೆಯೂ ಸ್ವಲ್ಪ ದೊಡ್ಡದಾಗಿ ಬರುತ್ತದೆ. ಕವಲೊಡೆದ ಕೊಳವೆಯ ವಿಷಯದಲ್ಲಂತೂ ವ್ಯತ್ಯಾಸ ಬಹಳ. ಓಪಿಜಿ ನೋಡಿ ಲೆಕ್ಕ ಹಾಕಿದ ಹಳೆಯ ವರದಿಗಳಲ್ಲಿ ಅದು ನೂರರಲ್ಲಿ ಒಬ್ಬರಿಗೂ ಇಲ್ಲ ಎಂಬಂತೆ ಇತ್ತು. ಸಿಬಿಸಿಟಿ ಎಂಬ ಸ್ಕ್ಯಾನ್ ಬಂದ ಮೇಲೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜನರಲ್ಲಿ ಕಂಡಿತು. ಕವಲು ಮೊದಲೂ ಇತ್ತು, ಚಿತ್ರದಲ್ಲಿ ಮೂಡುತ್ತಿರಲಿಲ್ಲ ಅಷ್ಟೇ.

ಸಿಬಿಸಿಟಿ ಮೂರು ದಿಕ್ಕಿನಿಂದ ಮೂಳೆಯನ್ನು ಸೀಳಿ ತೋರಿಸುತ್ತದೆ. ಹಾಗೆಂದು ಎಲ್ಲರಿಗೂ ಮೊದಲೇ ಸಿಬಿಸಿಟಿ ಬರೆದುಕೊಡುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಓಪಿಜಿ. ಅದರಲ್ಲಿ ಅನುಮಾನದ ಗುರುತು ಕಂಡರೆ ಸಿಬಿಸಿಟಿ. ಗುರುತುಗಳನ್ನು ರೂಡ್ ಮತ್ತು ಶೆಹಾಬ್ ಎಂಬ ವೈದ್ಯರು 1990ರಲ್ಲಿ ವಿವರಿಸಿದ್ದಾರೆ, ಇವತ್ತಿಗೂ ಅವೇ ಬಳಕೆಯಲ್ಲಿವೆ. ಕೊಳವೆ ದಾಟುವ ಕಡೆ ಬೇರು ಕಪ್ಪಾಗಿ ಕಾಣುವುದು, ಕೊಳವೆಯ ಬಿಳಿ ಗೆರೆ ತುಂಡಾಗಿರುವುದು, ಕೊಳವೆ ಅಲ್ಲೇ ತಿರುವು ತೆಗೆದುಕೊಂಡಿರುವುದು. ಈ ಮೂರು ಮುಖ್ಯ. ಇವು ಇಲ್ಲದಿದ್ದರೆ ಸ್ಕ್ಯಾನಿನ ದುಡ್ಡು ಉಳಿಸಬಹುದು. ಮಾಡಿಸಿದರೂ ಬೇಕಾದಷ್ಟೇ ಜಾಗದ ಸಣ್ಣ ಸ್ಕ್ಯಾನ್ ಕೇಳಿ, ಪೂರ್ತಿ ತಲೆಯದ್ದು ಬೇಡ. ಜಾಗ ದೊಡ್ಡದಾದಷ್ಟು ವಿಕಿರಣ ಜಾಸ್ತಿ.

ಇನ್ನೊಂದು ಮಾತು. ಸ್ಕ್ಯಾನ್ ಮಾಡಿಸಿದ ಮಾತ್ರಕ್ಕೆ ನರ ಉಳಿಯುವುದಿಲ್ಲ. ಅದನ್ನು ನೋಡಿ ಸರ್ಜನ್ ತಮ್ಮ ಯೋಜನೆ ಬದಲಿಸಿದರೆ ಮಾತ್ರ ಉಪಯೋಗ. ಹಾಗಾಗಿ "ಈ ಸ್ಕ್ಯಾನ್ ನೋಡಿ ಏನು ಬದಲಾಯಿತು ಡಾಕ್ಟ್ರೇ?" ಎಂದು ಕೇಳಿ. ಕೇಳಲು ಸಂಕೋಚ ಬೇಡ.

ಬುದ್ಧಿಹಲ್ಲು: ಬಿಡುವುದು, ಪೂರ್ತಿ ತೆಗೆಯುವುದು, ತಲೆ ಮಾತ್ರ ತೆಗೆಯುವುದು

ನೋವಿಲ್ಲ, ಕೀವಿಲ್ಲ, ಪಕ್ಕದ ಹಲ್ಲಿಗೆ ಹುಳುಕಿಲ್ಲ, ಮೂಳೆಯೊಳಗೆ ಪೂರ್ತಿ ಹೂತು ಕೂತಿದೆ ಅಂದರೆ ಬಿಡಬಹುದು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ, ರೋಗವಿಲ್ಲದ ಬುದ್ಧಿಹಲ್ಲನ್ನು ಸುಮ್ನೆ ಮುಂಜಾಗ್ರತೆಗೆಂದು ಕೀಳಬೇಡಿ ಎಂದಿತು. ಆದರೆ ಬಿಡುವುದು ಎಂದರೆ ಮರೆಯುವುದಲ್ಲ. ಹಲ್ಲಿನ ಸುತ್ತ ನೀರುಗಂಟು ಬೆಳೆಯಬಹುದು, ಮುಂದಿನ ದವಡೆ ಹಲ್ಲಿನ ಹಿಂಬದಿ ಹುಳುಕಾಗಬಹುದು. ಆಗಾಗ ಎಕ್ಸ್‌ರೇ ತೆಗೆದು ನೋಡುತ್ತಿರಬೇಕು. ಅರ್ಧ ಹೊರಬಂದು ಒಸಡಿನ ಕೆಳಗೆ ಅನ್ನ ಸಿಕ್ಕಿ, ವರ್ಷಕ್ಕೆ ಎರಡು ಮೂರು ಸಲ ಬಾವು ಬರುವ ಹಲ್ಲನ್ನು ಬಿಡುವುದರಲ್ಲಿ ಅರ್ಥವಿಲ್ಲ.

ತೆಗೆಯಲೇಬೇಕು ಎಂದಾದರೆ ಪೂರ್ತಿ ತೆಗೆಯುವುದೇ ಹೆಚ್ಚಿನವರಿಗೆ ಸರಿಯಾದ ದಾರಿ. ಬೇರು ನರದಿಂದ ದೂರ ಇದ್ದರೆ ಹೆಚ್ಚು ಯೋಚನೆ ಬೇಡ. ಪ್ರಾಯ ಚಿಕ್ಕದಿದ್ದಾಗ, ಬೇರಿನ ತುದಿ ಇನ್ನೂ ಪೂರ್ತಿ ಬೆಳೆಯದೆ ಇರುವಾಗ, ಕೆಲಸ ಸುಲಭ, ಗಾಯವೂ ಬೇಗ ಮಾಯುತ್ತದೆ. ನಲವತ್ತು ದಾಟಿದ ಮೇಲೆ ಮೂಳೆ ಗಟ್ಟಿ, ಬೇರು ಬಲಿತಿರುತ್ತದೆ. ತುಟಿಯ ಜೋಮು ಬಂದರೂ ಬಹುಪಾಲು ಜನರಿಗೆ ಕೆಲವು ವಾರ, ತಿಂಗಳಲ್ಲಿ ಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಬೇರು ನರಕ್ಕೆ ತಾಗಿಕೊಂಡಿದ್ದರೆ ಆ ಲೆಕ್ಕ ಏರುತ್ತದೆ.

ನಾಲಿಗೆಯ ನರ ಬೇರೆಯೇ ಒಂದು. ಅದು ಮೂಳೆಯೊಳಗೆ ಇಲ್ಲ. ಬುದ್ಧಿಹಲ್ಲಿನ ಒಳಮಗ್ಗುಲಲ್ಲಿ, ಒಸಡಿನ ಅಡಿಯಲ್ಲೇ ಹಾದುಹೋಗುತ್ತದೆ. ಕೆಲವರಲ್ಲಿ ಮೂಳೆಯ ಅಂಚಿನ ಮಟ್ಟಕ್ಕೇ ಏರಿರುತ್ತದೆ. ಓಪಿಜಿಯಲ್ಲಾಗಲಿ ಸಿಬಿಸಿಟಿಯಲ್ಲಾಗಲಿ ಅದು ಕಾಣುವುದಿಲ್ಲ. ಇಲ್ಲಿ ಕಾಯುವುದು ಸರ್ಜನ್ನರ ಕೈ. ಅವರು ಕೆನ್ನೆಯ ಕಡೆಯಿಂದ ಕೆಲಸ ಮಾಡುತ್ತಾರೋ, ಒಳಮಗ್ಗುಲಿನ ಒಸಡನ್ನು ಸುಮ್ನೆ ಎಬ್ಬಿಸದೆ ಬಿಡುತ್ತಾರೋ ಎಂಬುದು ಮುಖ್ಯ.

ಮೂರನೆಯ ದಾರಿ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕೊರೊನೆಕ್ಟಮಿ. ಹಲ್ಲಿನ ತಲೆಯನ್ನು ಕತ್ತರಿಸಿ ತೆಗೆದು, ಬೇರುಗಳನ್ನು ಮೂಳೆಯ ಅಂಚಿಗಿಂತ ಕೆಳಗೆ ಹಾಗೇ ಬಿಟ್ಟು, ಮೇಲೆ ಒಸಡು ಹೊಲಿಯುತ್ತಾರೆ. ನರದ ಹತ್ತಿರ ಕೈಯೇ ಹೋಗುವುದಿಲ್ಲ. "ಬೇರು ಒಳಗೇ ಬಿಟ್ಟರೆ ಕೊಳೆಯುವುದಿಲ್ಲವೇ?" ಎಂದು ಎಲ್ಲರೂ ಕೇಳುತ್ತಾರೆ. ಜೀವ ಇರುವ, ಸೋಂಕಿಲ್ಲದ ಬೇರು ಸಾಮಾನ್ಯವಾಗಿ ಕೊಳೆಯುವುದಿಲ್ಲ, ಅದರ ಮೇಲೆ ಮೂಳೆ ಬೆಳೆಯುತ್ತದೆ. ಮೊದಲ ಒಂದೆರಡು ವರ್ಷಗಳಲ್ಲಿ ಬೇರು ಸ್ವಲ್ಪ ಮೇಲಕ್ಕೂ ಸರಿಯುತ್ತದೆ. ಕೆಲವರಿಗೆ ಅದು ಒಸಡಿಗೆ ತಾಗುವಷ್ಟು ಮೇಲೆ ಬಂದು ಇನ್ನೊಮ್ಮೆ ತೆಗೆಯಬೇಕಾಗುತ್ತದೆ. ಅಷ್ಟರಲ್ಲಿ ಅದು ನರದಿಂದ ದೂರ ಬಂದಿರುವುದರಿಂದ ಎರಡನೆಯ ಕೆಲಸ ಅಪಾಯದ್ದಲ್ಲ.

ಬೇರು ಅಲ್ಲಾಡುತ್ತಿದ್ದರೆ, ಹುಳುಕು ಬೇರಿನ ತನಕ ಹೋಗಿದ್ದರೆ, ಬೇರಿನ ತುದಿಯಲ್ಲಿ ಕೀವಿದ್ದರೆ ಕೊರೊನೆಕ್ಟಮಿ ಬೇಡ. ಹಲ್ಲು ಅಡ್ಡ ಮಲಗಿ ಪೂರ್ತಿ ನರದ ಮೇಲೇ ಇದ್ದರೆ ತಲೆ ಕತ್ತರಿಸುವಾಗಲೇ ನರಕ್ಕೆ ಪೆಟ್ಟಾಗಬಹುದು, ಅಲ್ಲೂ ಬೇಡ. ಮಧ್ಯದಲ್ಲಿ ಬೇರು ಸಡಿಲವಾದರೆ ಪೂರ್ತಿ ತೆಗೆಯಲೇಬೇಕು, ಆದ್ದರಿಂದ ಎರಡಕ್ಕೂ ಒಪ್ಪಿಗೆ ಮೊದಲೇ ಕೊಟ್ಟಿರಬೇಕು. ನನ್ನ ಅಭಿಪ್ರಾಯ ಕೇಳಿದರೆ: ಸಿಬಿಸಿಟಿಯಲ್ಲಿ ಬೇರು ಮತ್ತು ನರದ ನಡುವೆ ಮೂಳೆಯೇ ಇಲ್ಲ, ಹಲ್ಲು ಮಾತ್ರ ಆರೋಗ್ಯವಾಗಿದೆ ಎಂದಾದರೆ ಕೊರೊನೆಕ್ಟಮಿಯನ್ನೇ ಮೊದಲು ಯೋಚಿಸಿ. ಮಾಡಿ ಅಭ್ಯಾಸ ಇರುವ ಸರ್ಜನ್ನರನ್ನು ಹುಡುಕಿ.

ಮರಗಟ್ಟಿಸುವ ಇಂಜೆಕ್ಷನ್, ಮತ್ತು ಅಡಿಕೆಯ ವಿಷಯ

"ನನಗೆ ಇಂಜೆಕ್ಷನ್ ಹಿಡಿಯುವುದೇ ಇಲ್ಲ" ಎನ್ನುವವರನ್ನು ಹೆದರುಪುಕ್ಕಲರು ಎಂದು ತಳ್ಳಿಹಾಕಬಾರದು. ಸಾಮಾನ್ಯ ಇಂಜೆಕ್ಷನ್ನನ್ನು ನರ ಮೂಳೆಯೊಳಗೆ ಹೋಗುವ ತೂತಿನ ಹತ್ತಿರ ಕೊಡುತ್ತಾರೆ. ಆ ತೂತು ಕೆಲವರಲ್ಲಿ ಮೇಲಿರುತ್ತದೆ, ಕೆಲವರಲ್ಲಿ ಹಿಂದಿರುತ್ತದೆ. ಕವಲು ನರ ತೂತಿಗೆ ಬರುವ ಮೊದಲೇ ಬೇರೆಯಾಗಿದ್ದರೆ ಮದ್ದು ಅದಕ್ಕೆ ತಲುಪುವುದಿಲ್ಲ. ತುಟಿ ಮರಗಟ್ಟಿರುತ್ತದೆ, ಹಲ್ಲು ನೋಯುತ್ತಲೇ ಇರುತ್ತದೆ. ಇಂಥವರಿಗೆ ಗೋ-ಗೇಟ್ಸ್ ವಿಧಾನ ಒಳ್ಳೆಯದು. ಆಸ್ಟ್ರೇಲಿಯಾದ ದಂತವೈದ್ಯ ಗೋ-ಗೇಟ್ಸ್ 1973ರಲ್ಲಿ ವಿವರಿಸಿದ್ದು. ಇಂಜೆಕ್ಷನ್ ಇನ್ನೂ ಮೇಲೆ, ದವಡೆಯ ಕೀಲಿನ ಕುತ್ತಿಗೆಯ ಹತ್ತಿರ ಹೋಗುತ್ತದೆ, ಕವಲುಗಳೂ ಸಿಗುತ್ತವೆ. ಆದರೆ ಬಾಯಿ ದೊಡ್ಡದಾಗಿ ತೆರೆಯಬೇಕು.

ನಮ್ಮ ಊರಿನಲ್ಲಿ ಕಷ್ಟ ಅಲ್ಲಿಯೇ. ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಮನೆಗಳಲ್ಲಿ ಊಟ ನಡೆಯುವುದು ಅಡಿಕೆಯಿಂದ. ಅದು ಗೊತ್ತಿದ್ದೇ ಹೇಳುತ್ತೇನೆ: ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆ ಜಗಿಯುವುದು ಬಾಯಿಗೆ ಕೇಡು. ವರ್ಷಗಟ್ಟಲೆ ಜಗಿದವರಲ್ಲಿ ಕೆನ್ನೆಯ ಒಳಪದರ ನಾರಿನಂತೆ ಬಿಗಿದು ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೂ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ಹಾಕಿ ನೋಡಿ. ಹೋಗದಿದ್ದರೆ ಇವತ್ತೇ ತೋರಿಸಿ.

ಬಾಯಿ ಬಿಗಿದವರಿಗೆ ಅಕಿನೋಸಿ ವಿಧಾನ ಇದೆ. ಹಲ್ಲು ಕಚ್ಚಿದ್ದ ಹಾಗೇ ಕೆನ್ನೆಯ ಒಳಬದಿಯಿಂದ ಸೂಜಿ ಹೋಗುತ್ತದೆ. ಮರಗಟ್ಟಿಸಲು ಅದು ಸಾಕು. ಆದರೆ ಮರಗಟ್ಟಿದ ಮೇಲೂ ಹಿಂದಿನ ಹಲ್ಲಿಗೆ ಉಪಕರಣ ತಲುಪಬೇಕಲ್ಲ? ಎರಡು ಬೆರಳೂ ಹೋಗದಷ್ಟು ಬಿಗಿದಿದ್ದರೆ ಪೂರ್ತಿ ಅರಿವಳಿಕೆ ಕೊಡುವ ದೊಡ್ಡ ಆಸ್ಪತ್ರೆಯೇ ಬೇಕು.

ಹಲ್ಲು ಹೋದ ಜಾಗಕ್ಕೆ ಏನು?

ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆ ಕರಗುತ್ತದೆ. ಹತ್ತಿಪ್ಪತ್ತು ವರ್ಷ ಸೆಟ್ ಹಾಕಿಕೊಂಡವರಲ್ಲಿ ಗದ್ದದ ಪಕ್ಕದ ತೂತು ಮೂಳೆಯ ಮೇಲಂಚಿಗೇ ಬಂದಿರಬಹುದು. ಸೆಟ್ ಅದರ ಮೇಲೆ ಒತ್ತಿದಾಗ ಕರೆಂಟು ಹೊಡೆದ ಹಾಗೆ ನೋವು. ಸೆಟ್ ಸರಿ ಕೂತಿಲ್ಲವೆಂದು ಮತ್ತೆ ಮತ್ತೆ ಉಜ್ಜಿಸುವ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನರ ಕಾರಣ ಇದೇ. ಓಪಿಜಿ ತೆಗೆದರೆ ಗೊತ್ತಾಗುತ್ತದೆ. ಆ ಜಾಗದಲ್ಲಿ ಸೆಟ್ಟಿನ ಒಳಗೆ ತಗ್ಗು ಮಾಡಿಕೊಟ್ಟರೆ ಬಹಳ ಮಂದಿಗೆ ಅಷ್ಟರಲ್ಲೇ ಸಮಾಧಾನ.

ಹಿಂದಿನ ಒಂದೆರಡು ಹಲ್ಲಿಗೆ ಇಂಪ್ಲಾಂಟ್ ಹಾಕುವಾಗ ಅದರ ತುದಿ ಮತ್ತು ನರದ ನಡುವೆ ಕನಿಷ್ಠ 2 ಮಿಲಿಮೀಟರ್ ಬಿಡುವುದು ವಾಡಿಕೆ. ನರದ ಮೇಲೆ 12 ಮಿಲಿಮೀಟರ್ ಮೂಳೆ ಇದ್ದರೆ ಮಾಮೂಲಿ ಇಂಪ್ಲಾಂಟ್ ಸುಲಭ. 8 ಮಿಲಿಮೀಟರ್ ಮಾತ್ರ ಇದ್ದರೆ? ಇಲ್ಲಿ ಮೂರು ದಾರಿ ತೋರಿಸುತ್ತಾರೆ. 6 ಮಿಲಿಮೀಟರಿನ ಗಿಡ್ಡ ಇಂಪ್ಲಾಂಟ್. ಮೂಳೆ ಕಸಿ ಮಾಡಿ, ತಿಂಗಳುಗಟ್ಟಲೆ ಕಾದು, ಆಮೇಲೆ ಉದ್ದದ ಇಂಪ್ಲಾಂಟ್. ಇಲ್ಲವೇ ನರವನ್ನೇ ಕೊಳವೆಯಿಂದ ಎತ್ತಿ ಪಕ್ಕಕ್ಕೆ ಸರಿಸುವುದು. ನಾನು ಗಿಡ್ಡ ಇಂಪ್ಲಾಂಟಿನ ಪರ. ಕೆಳದವಡೆಯಲ್ಲಿ ಎತ್ತರಕ್ಕೆ ಮೂಳೆ ಬೆಳೆಸುವುದು ಕಷ್ಟದ ಕೆಲಸ, ಕಸಿ ಕೈಕೊಡುವುದೂ ಇದೆ, ಖರ್ಚೂ ಜಾಸ್ತಿ. ನರ ಸರಿಸಿದರೆ ತುಟಿಯ ಜೋಮು ಬಹಳ ಮಂದಿಗೆ ಬರುತ್ತದೆ. ಒಂದು ಹಲ್ಲಿಗಾಗಿ ತುಟಿಯ ಸ್ಪರ್ಶ ಪಣಕ್ಕಿಡುವುದು ನನಗೆ ಸರಿ ಕಾಣುವುದಿಲ್ಲ. ಪಕ್ಕದ ಹಲ್ಲುಗಳು ಗಟ್ಟಿಯಿದ್ದರೆ ಅವಕ್ಕೆ ಹಿಡಿಸಿ ಕೂರಿಸುವ ಬ್ರಿಜ್ ಕೂಡ ಗೌರವದ ದಾರಿಯೇ.

ಎತ್ತರ ಮಾತ್ರ ನೋಡಿದರೆ ಸಾಲದು. ದವಡೆ ಹಲ್ಲುಗಳ ಕೆಳಗೆ, ಒಳಮೈಯಲ್ಲಿ, ಜೊಲ್ಲುಗ್ರಂಥಿ ಕೂತ ಕಡೆ ಮೂಳೆ ಒಳಕ್ಕೆ ತಗ್ಗಾಗಿರುತ್ತದೆ. ಕೆಲವರಲ್ಲಿ ಈ ತಗ್ಗು ಬಹಳ ಆಳ. ಓಪಿಜಿಯಲ್ಲಿ ಬೇಕಾದಷ್ಟು ಮೂಳೆ ಇದ್ದಂತೆ ಕಾಣುತ್ತದೆ, ನೇರ ಕೊರೆದ ಡ್ರಿಲ್ ನಾಲಿಗೆಯ ಕಡೆ ಹೊರಬಂದುಬಿಡುತ್ತದೆ. ಅಲ್ಲಿ ರಕ್ತನಾಳ ತುಂಡಾದರೆ ನಾಲಿಗೆಯ ಅಡಿ ಊದಿ ಉಸಿರೇ ಕಟ್ಟಬಹುದು. ಹೀಗೆ ಪ್ರಾಣಕ್ಕೆ ಕುತ್ತು ಬಂದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಗದ್ದದ ನಡುಮಧ್ಯೆ ಒಳಮೈಯಲ್ಲೂ ರಕ್ತನಾಳದ ಸಣ್ಣ ತೂತುಗಳು ಹೆಚ್ಚುಕಡಿಮೆ ಎಲ್ಲರಿಗೂ ಇವೆ. ಮುಂಭಾಗ ಅಪಾಯವಿಲ್ಲದ ಜಾಗ ಎಂಬ ಹಳೆಯ ನಂಬಿಕೆ ಪೂರ್ತಿ ನಿಜವಲ್ಲ. ಹಾಗಾಗಿ ಬುದ್ಧಿಹಲ್ಲಿಗೆ ಸಿಬಿಸಿಟಿ ಬೇಕೇಬೇಕು ಎನ್ನದ ನಾನು, ಕೆಳದವಡೆಯ ಇಂಪ್ಲಾಂಟಿಗೆ ಬೇಕೆಂದೇ ಹೇಳುತ್ತೇನೆ.

ಕೆಳಗೆ ಒಂದೂ ಹಲ್ಲಿಲ್ಲದವರಿಗೆ ನನ್ನ ಸಲಹೆ ನೇರ. ಮುಂಭಾಗದಲ್ಲಿ ಎರಡು ಇಂಪ್ಲಾಂಟ್, ಅದಕ್ಕೆ ಗುಂಡಿಯಂತೆ ಕಚ್ಚಿಕೊಳ್ಳುವ ಸೆಟ್. 2002ರಲ್ಲಿ ಕೆನಡಾದ ಮೆಕ್‌ಗಿಲ್‌ನಲ್ಲಿ ಸೇರಿದ ತಜ್ಞರು ಇದನ್ನೇ ಮೊದಲ ಆಯ್ಕೆ ಎಂದು ಹೇಳಿದರು. ಸೆಟ್ ಕುಣಿಯುವುದು ನಿಲ್ಲುತ್ತದೆ, ರೊಟ್ಟಿ ಹರಿದು ತಿನ್ನಬಹುದು. ನಾಲ್ಕು ಇಂಪ್ಲಾಂಟ್ ಹಾಕಿ, ಹಿಂದಿನ ಎರಡನ್ನು ಓರೆಯಾಗಿ ಕೂರಿಸಿ, ತೆಗೆಯಲು ಬಾರದ ಹಲ್ಲುಸಾಲು ಕೊಡುವ ವಿಧಾನವೂ ಇದೆ. ಚೆನ್ನಾಗಿಯೇ ಇದೆ, ದುಬಾರಿ. ಎರಡರಲ್ಲೂ ಒಂದು ವಿಷಯ ನೋಡಿಕೊಳ್ಳಬೇಕು. ಕೆಲವರಲ್ಲಿ ನರ ಗದ್ದದ ತೂತನ್ನು ದಾಟಿ ಮೂಳೆಯೊಳಗೆ ಮುಂದೆ ಹೋಗಿ, ಬಳಸಿ ಹಿಂದಕ್ಕೆ ಬಂದು ಹೊರಗೆ ಬರುತ್ತದೆ. ತೂತಿನ ಅಂಚಿಗೆ ಸರಿಯಾಗಿ ಇಂಪ್ಲಾಂಟ್ ಕೂರಿಸಿದರೆ ಆ ಬಳಸಿಗೆ ತಗಲುತ್ತದೆ. ಬಳಸು ಎಷ್ಟು ಉದ್ದ ಇದೆಯೆಂದು ಸ್ಕ್ಯಾನಿನಲ್ಲಿ ಅಳೆದೇ ಜಾಗ ಗುರುತಿಸಬೇಕು.

ಇನ್ನು ಕೆಲವು

ನಾಲಿಗೆಯ ಪಕ್ಕ, ಒಳಮೈಯಲ್ಲಿ, ಎರಡೂ ಕಡೆ ಕಲ್ಲಿನಂತೆ ಗಟ್ಟಿ ಉಬ್ಬು ಇದ್ದರೆ ಹೆಚ್ಚಾಗಿ ಅದು ಮೂಳೆಯ ಬೆಳವಣಿಗೆ ಅಷ್ಟೇ, ಕ್ಯಾನ್ಸರ್ ಅಲ್ಲ. ಒಮ್ಮೆ ವೈದ್ಯರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಸೆಟ್ ಹಾಕಲು ಅಡ್ಡಿಯಾದರೆ ಮಾತ್ರ ತೆಗೆಸಿ.

ದವಡೆ ಮುಂದೆ ಚಾಚಿದವರಿಗೆ ಅದನ್ನು ಹಿಂದಕ್ಕೆ ಕೂರಿಸುವಾಗ ಎರಡು ರೀತಿ ಇದೆ. ಮೂಳೆಯನ್ನು ಉದ್ದಕ್ಕೆ ಎರಡು ಪದರವಾಗಿ ಸೀಳಿ ಸ್ಕ್ರೂ ಹಾಕಿದರೆ ಬಾಯಿ ಬೇಗ ತೆರೆಯಬಹುದು, ಆದರೆ ನರ ಹೊರಪದರಕ್ಕೆ ಅಂಟಿದವರಿಗೆ ಜೋಮು ಜಾಸ್ತಿ. ಹಿಂಭಾಗದಲ್ಲಿ ನೇರ ಕೆಳಕ್ಕೆ ಕತ್ತರಿಸಿದರೆ ನರಕ್ಕೆ ಅಪಾಯ ಕಡಿಮೆ, ಆದರೆ ಕೆಲವು ವಾರ ಹಲ್ಲು ಕಟ್ಟಿಕೊಂಡು ಗಂಜಿನೀರಲ್ಲೇ ಇರಬೇಕು. ಹೊರಪದರ ತೆಳು ಇದ್ದವರು ಎರಡನೆಯದರ ಬಗ್ಗೆಯೂ ಕೇಳಿ.

ಬಾಯಿಯ ಕ್ಯಾನ್ಸರಿನಲ್ಲಿ ದವಡೆಯ ಮೇಲಂಚು ಮಾತ್ರ ತೆಗೆದು ಕೆಳಗಿನ ಪಟ್ಟಿ ಉಳಿಸುವುದೋ, ಪೂರ್ತಿ ತುಂಡು ತೆಗೆಯುವುದೋ ಎಂಬುದು ಕೂಡ ಮೂಳೆಯ ಎತ್ತರದ ಮೇಲೆ ನಿಂತಿದೆ. ಹಲ್ಲಿಲ್ಲದೆ ಸವೆದ ದವಡೆಯಲ್ಲಿ ಪಟ್ಟಿ ಉಳಿಸಿದರೂ ಅದು ಮುರಿಯಬಹುದು. ಈ ನಿರ್ಧಾರ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಂಥ ಜಾಗದ್ದು, ಕ್ಲಿನಿಕ್ಕಿನದ್ದಲ್ಲ.

ಎಲ್ಲಿಗೆ ಹೋಗುವುದು?

ನೇರ ನಿಂತ ಬುದ್ಧಿಹಲ್ಲು, ನರದಿಂದ ದೂರ ಇರುವ ಬೇರು: ನಿಮ್ಮ ಊರಿನ ಕ್ಲಿನಿಕ್ ಸಾಕು. ವಾರದಲ್ಲಿ ಒಂದೆರಡು ದಿನ ಸರ್ಜನ್ ಬಂದುಹೋಗುವ ಕ್ಲಿನಿಕ್ಕಾದರೆ ಒಂದು ಪ್ರಶ್ನೆ ಕೇಳಿ: "ರಾತ್ರಿ ರಕ್ತ ಬಂದರೆ, ನಾಳೆ ತುಟಿ ಮರಗಟ್ಟಿಯೇ ಇದ್ದರೆ ಯಾರಿಗೆ ಫೋನ್ ಮಾಡಬೇಕು?" ಉತ್ತರ ಸ್ಪಷ್ಟವಾಗಿದ್ದರೆ ಮಾಡಿಸಿಕೊಳ್ಳಿ.

ನರಕ್ಕೆ ತಾಗಿದ ಬೇರು, ಬಾಯಿ ಬಿಗಿತ, ದವಡೆಯ ಗಂಟು, ಮುರಿತ, ಇವಕ್ಕೆ ಡೆಂಟಲ್ ಕಾಲೇಜು ಒಳ್ಳೆಯದು. ಪೊಯಿನಾಚಿಯಲ್ಲಿ ಒಂದು ಇದೆ. ಮಂಜೇಶ್ವರ, ಉಪ್ಪಳದವರಿಗೆ ತಲಪಾಡಿ ದಾಟಿದರೆ ದೇರಳಕಟ್ಟೆ ಹತ್ತಿರ. ಮುಳ್ಳೇರಿಯ, ಅಡೂರಿನ ಕಡೆಯವರು ಸುಳ್ಯಕ್ಕೂ ಹೋಗಬಹುದು. ಕಾಲೇಜಿನಲ್ಲಿ ಖರ್ಚು ಕಡಿಮೆ, ಸಿಬಿಸಿಟಿ ಮತ್ತು ಅರಿವಳಿಕೆ ವೈದ್ಯರು ಸಿಗುತ್ತಾರೆ. ಸಮಯ ಮಾತ್ರ ಹಿಡಿಯುತ್ತದೆ, ಕೈ ಹಾಕುವವರು ಕಲಿಯುತ್ತಿರುವವರೂ ಆಗಿರಬಹುದು. "ಹಿರಿಯ ಡಾಕ್ಟ್ರು ಜೊತೆಗಿರುತ್ತಾರಾ?" ಎಂದು ಕೇಳುವುದು ನಿಮ್ಮ ಹಕ್ಕು.

ಒಪ್ಪಿಗೆ ಪತ್ರ ಕೇರಳದಲ್ಲಿ ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಓದಲು ಬಾರದೆ ಸಹಿ ಹಾಕಬೇಡಿ. ಕನ್ನಡದಲ್ಲೋ ತುಳುವಿನಲ್ಲೋ ಹೇಳಲು ಬರುವ ಸಿಬ್ಬಂದಿ ನಮ್ಮ ಜಿಲ್ಲೆಯಲ್ಲಿ ಸಿಗುತ್ತಾರೆ, ಕರೆಸಿ ಕೇಳಿ. ತುಟಿಯ ಜೋಮು, ನಾಲಿಗೆಯ ಜೋಮು, ಇನ್ನೊಮ್ಮೆ ಆಪರೇಷನ್ ಬೇಕಾಗುವ ಸಾಧ್ಯತೆ, ಈ ಮೂರನ್ನೂ ಅವರ ಬಾಯಿಂದಲೇ ಕೇಳಿಸಿಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ, ಮೂಳೆ ಸವೆತದ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಸ್ಕ್ಯಾನಿನ ಪ್ರಿಂಟ್ ಮಾತ್ರ ಸಾಲದು, ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಪೂರ್ತಿ ಫೈಲ್ ಪಡೆದುಕೊಳ್ಳಿ. ಗಡಿಯ ಆಚೆ ಇನ್ನೊಬ್ಬರಿಗೆ ತೋರಿಸುವಾಗ ಮತ್ತೆ ಸ್ಕ್ಯಾನ್ ಮಾಡಿಸುವುದು ತಪ್ಪುತ್ತದೆ.

ಆಪರೇಷನ್ ಆದ ಮಾರನೆಯ ಬೆಳಿಗ್ಗೆ ತುಟಿ ಮುಟ್ಟಿ ನೋಡಿ. ಇಂಜೆಕ್ಷನ್ನಿನ ಮರಗಟ್ಟು ಸಾಮಾನ್ಯವಾಗಿ ಅಷ್ಟರಲ್ಲಿ ಇಳಿದಿರಬೇಕು. ಇಳಿಯದಿದ್ದರೆ ಆವತ್ತೇ ಹೇಳಿ, ಒಂದು ವಾರದ ಹೊಲಿಗೆ ಬಿಚ್ಚುವ ದಿನದ ತನಕ ಕಾಯಬೇಡಿ. ಇಂಪ್ಲಾಂಟ್ ಹಾಕಿಸಿಕೊಂಡವರಿಗಂತೂ ಇದು ತುರ್ತು. ಇಂಪ್ಲಾಂಟ್ ನರವನ್ನು ಒತ್ತುತ್ತಿದ್ದರೆ ಮೊದಲ ಒಂದೂವರೆ ದಿನದೊಳಗೆ ತೆಗೆದರೆ ನರ ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ, ತಡವಾದಷ್ಟೂ ಕಡಿಮೆ.